ಮೇಲ್ಮಹಡಿಯನ್ನು ದಿನದ ಬಾಡಿಗೆಗೆ ಕೊಡಬೇಕು: ಪರವಾನಗಿ ಬೇಕಾ, ಎಲ್ಲಿಂದ ಶುರು ಮಾಡಲಿ?

ಮಹಡಿಮನೆ
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಮೊದಲ ಸಲ ಕೇಳುತ್ತಿದ್ದೇನೆ.

ನಾವು ಕೆಳಗಡೆ ಇದ್ದೇವೆ. ಮೇಲೆ ಎರಡು ಕೋಣೆ, ಒಂದು ಬಚ್ಚಲು, ಚಿಕ್ಕ ಅಡುಗೆಮನೆ. ಮಗ ಓದಲು ಹೋದ ಮೇಲೆ ಖಾಲಿ ಬಿದ್ದಿದೆ. ತಿಂಗಳ ಬಾಡಿಗೆಗೆ ಕೊಡಲು ಮನಸ್ಸಿಲ್ಲ, ರಜೆಗೆ ಅವನು ಬರುತ್ತಾನೆ. ಆ್ಯಪ್‌ನಲ್ಲಿ ಹಾಕಿ ಎರಡು ಮೂರು ದಿನದ ಲೆಕ್ಕದಲ್ಲಿ ಕೊಡೋಣ ಅಂತ ನಮ್ಮ ಯಜಮಾನರ ಐಡಿಯಾ. ಫೋಟೋ ಕೂಡ ತೆಗೆದು ಇಟ್ಟುಕೊಂಡಿದ್ದಾರೆ.

ಸ್ಥಳೀಯ ಆಡಳಿತದ ಕಚೇರಿಗೆ ಫೋನ್ ಮಾಡಿದೆ. ಒಬ್ಬರು "ಏನೂ ಬೇಡ" ಅಂದರು. ಮಾರನೇ ದಿನ ಖಚಿತ ಮಾಡಿಕೊಳ್ಳೋಣ ಅಂತ ಮತ್ತೆ ಮಾಡಿದರೆ ಇನ್ನೊಬ್ಬರು "ಮೂರು ಪರ್ಮಿಷನ್ ಬೇಕು" ಅಂದರು. ಯಾವ ಮೂರು ಅಂತ ಕೇಳುವಷ್ಟರಲ್ಲಿ ಲೈನ್ ಕಟ್. ಆ್ಯಪ್‌ನಲ್ಲಿ ನೋಡಿದರೆ ಸ್ಥಳೀಯ ಕಾನೂನು ಪಾಲಿಸುವುದು ನಿಮ್ಮದೇ ಹೊಣೆ ಅಂತ ಒಂದು ಸಾಲು, ಅದರ ಪಕ್ಕ ಟಿಕ್ ಹಾಕಲು ಒಂದು ಚೌಕ. ಯಾವ ಕಾನೂನು ಅಂತ ತಿಳಿಯದೆ ಹೇಗೆ ಟಿಕ್ ಹಾಕಲಿ?

ನಡೆಸಿ ಅನುಭವ ಇರುವವರು ದಯವಿಟ್ಟು ಹೇಳಿ.

ಬೀಗದಕೈ
ಫೋಟೋ ಸದ್ಯಕ್ಕೆ ಹಾಕಬೇಡಿ ಅಂತ ಯಜಮಾನರಿಗೆ ಹೇಳಿ. ನೋಂದಣಿ ಸಂಖ್ಯೆ ಕಡ್ಡಾಯ ಇರುವ ಊರುಗಳಲ್ಲಿ ಸಂಖ್ಯೆ ಇಲ್ಲದೆ ಜಾಹೀರಾತು ಹಾಕುವುದೇ ತಪ್ಪು. ಒಬ್ಬ ಅತಿಥಿಯೂ ಬಂದಿರಬೇಕಿಲ್ಲ, ದಂಡ ಬರಬಹುದು.

ರಾತ್ರಿಪಾಳಿ
ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಮೇಡಂ. ನಾನು ಮೂರು ವರ್ಷ ನಡೆಸಿದೆ. ಒಂದು ಕಾಗದವೂ ಮಾಡಿಸಿರಲಿಲ್ಲ. ಯಾರೂ ಬಂದು ಕೇಳಲಿಲ್ಲ.

ಪಕ್ಕದಮನೆಯವ
ಯಾರೂ ಕೇಳಲಿಲ್ಲ ಅಂದರೆ ನಿಮ್ಮ ಅಕ್ಕಪಕ್ಕದವರು ಪಾಪದವರು ಅಂತ.

ವಕೀಲರಮಗಳು
ಆ ಇಬ್ಬರೂ ಸುಳ್ಳು ಹೇಳಿಲ್ಲ ಅನಿಸುತ್ತದೆ. ನೀವು ಕೇಳಿದ ರೀತಿಗೆ ತಕ್ಕ ಉತ್ತರ ಬಂದಿದೆ. "ಮನೆ ಬಾಡಿಗೆಗೆ ಕೊಡಬೇಕು, ಪರವಾನಗಿ ಬೇಕಾ" ಅಂದರೆ ಬಹಳ ಕಡೆ ಬೇಡ ಅಂತಲೇ ಹೇಳುತ್ತಾರೆ. ಅವರ ತಲೆಯಲ್ಲಿರುವುದು ತಿಂಗಳ ಬಾಡಿಗೆ. "ಎರಡು ಮೂರು ದಿನಕ್ಕೆ ಕೊಡಬೇಕು" ಅಂದ ತಕ್ಷಣ ಫೈಲೇ ಬೇರೆ. ಗೆರೆ ಸಾಮಾನ್ಯವಾಗಿ 30 ದಿನದ ಆಸುಪಾಸಿನಲ್ಲಿರುತ್ತದೆ. ಅದಕ್ಕಿಂತ ಕಡಿಮೆ ಅವಧಿಗೆ ಕೊಟ್ಟರೆ ನೀವು ಮನೆ ಮಾಲೀಕರಲ್ಲ, ಒಂಥರಾ ಲಾಡ್ಜ್ ಮಾಲೀಕರು.

ಅಪ್ಪನ ಆಫೀಸಿನಲ್ಲಿ ಕೂತು ಇಂಥ ಫೈಲುಗಳನ್ನು ನೋಡಿದ್ದೇನೆ. ಜನ ಯಾವಾಗಲೂ ಕೊನೆಯಿಂದ ಶುರು ಮಾಡುತ್ತಾರೆ. ಅರ್ಜಿ ತುಂಬಿ, ಶುಲ್ಕ ಕಟ್ಟಿ, ಹೊಸ ಹಾಸಿಗೆ ತಂದು ಹಾಕಿ, ಆಮೇಲೆ ಅಸೋಸಿಯೇಷನ್ ಬೈಲಾ, ಅಂದರೆ ನಿವಾಸಿಗಳ ಸಂಘದ ನಿಯಮ ಪುಸ್ತಕ, ಬಿಚ್ಚಿ ನೋಡುತ್ತಾರೆ. ಅದರಲ್ಲಿ ಆರು ತಿಂಗಳಿಗಿಂತ ಕಡಿಮೆ ಬಾಡಿಗೆಗೆ ಕೊಡುವಂತಿಲ್ಲ ಅಂತ ಇರುತ್ತದೆ. ಆಡಳಿತ ಪರವಾನಗಿ ಕೊಟ್ಟಿದೆ ಅಂತ ಬೈಲಾ ಮಾತು ಸುಳ್ಳಾಗುವುದಿಲ್ಲ. ಎರಡೂ ಬೇರೆ ಬೇರೆ ಬಾಗಿಲು.

ಹಾಗಾಗಿ ಮೊದಲು ನಿಮ್ಮ ಮನೆಯ ಕಪಾಟಿನಲ್ಲಿರುವ ಕಾಗದ ನೋಡಿ. ಕ್ರಯಪತ್ರದಲ್ಲಿ ಏನಾದರೂ ಷರತ್ತು ಇದೆಯಾ, ಸಾಲ ಇದ್ದರೆ ಬ್ಯಾಂಕಿನ ಕರಾರು ಏನು ಹೇಳುತ್ತದೆ, ಅಸೋಸಿಯೇಷನ್ ಇದ್ದರೆ ಬೈಲಾ. ಆಮೇಲೆ ನಿಮ್ಮ ರಸ್ತೆ ಯಾವ ವಲಯದಲ್ಲಿದೆ, ಬರೀ ವಾಸದ್ದಾ, ಮಿಶ್ರವಾ, ಅಲ್ಲಿ ಇದಕ್ಕೆ ಜಾಗ ಇದೆಯಾ ಕೇಳಿ. ಇಷ್ಟು ದಾಟಿದ ಮೇಲೆ ಪರವಾನಗಿ, ತಪಾಸಣೆ, ತೆರಿಗೆ ನೋಂದಣಿ. ಆ ಎರಡನೇ ಅಧಿಕಾರಿ ಹೇಳಿದ ಮೂರು ಬಹುಶಃ ಈ ಕೊನೆಯ ಮೂರೇ.

ಫೋನಿನಲ್ಲಿ ಕೇಳಬೇಡಿ, ಇಮೇಲ್ ಮಾಡಿ. ನಾಳೆ ತಕರಾರು ಬಂದಾಗ "ಫೋನಿನಲ್ಲಿ ಒಬ್ಬರು ಬೇಡ ಅಂದಿದ್ದರು" ಅಂದರೆ ಯಾರೂ ಕೇಳುವುದಿಲ್ಲ.

ಮಹಡಿಮನೆ
ತುಂಬಾ ಥ್ಯಾಂಕ್ಸ್ ಅಕ್ಕ. ಅಸೋಸಿಯೇಷನ್ ಇಲ್ಲ, ಸ್ವಂತ ಬಿಡಿ ಮನೆ. ಸಾಲ ತೀರಿದೆ. ಅಂದರೆ ಅರ್ಧ ಕೆಲಸ ಆದ ಹಾಗೆ ಅಲ್ವಾ?

ಬೀಗದಕೈ
ಕಾಲು ಭಾಗ ಅನ್ನಿ.

ಊರೂರುಸುತ್ತಿ
ಇದರಲ್ಲಿ ಒಂದೊಂದು ಊರಿನದು ಒಂದೊಂದು ಹಾಡು. ಲಂಡನ್ನಿನಲ್ಲಿ ಪೂರ್ತಿ ಮನೆಯನ್ನು ವರ್ಷಕ್ಕೆ 90 ರಾತ್ರಿವರೆಗೆ ಕೊಡಬಹುದು, ಅದಕ್ಕಿಂತ ಜಾಸ್ತಿ ಆದರೆ ಯೋಜನಾ ಅನುಮತಿ ಬೇಕು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೊದಲು 60 ರಾತ್ರಿ ಇತ್ತು, 2019ರಲ್ಲಿ 30ಕ್ಕೆ ಇಳಿಸಿದರು. ಜಪಾನಿನಲ್ಲಿ 2018ರ ಜೂನ್‌ನಲ್ಲಿ ಬಂದ ಮಿನ್‌ಪಾಕು (ಮನೆಯಲ್ಲಿ ಅತಿಥಿಗಳನ್ನು ತಂಗಿಸುವ) ಕಾನೂನಿನ ಪ್ರಕಾರ ವರ್ಷಕ್ಕೆ 180 ದಿನ. ಕ್ಯೋಟೋ ಅದರ ಮೇಲೂ ಬಿಗಿ ಮಾಡಿತು. ಬರೀ ವಾಸದ ವಲಯದಲ್ಲಿ ಜನವರಿ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಮಾತ್ರ. ಅಂದರೆ ಚೆರ್ರಿ ಹೂ ನೋಡಲು ಜನ ಮುಗಿಬೀಳುವ ಹೊತ್ತಿಗೆ ಸರಿಯಾಗಿ ಬಾಗಿಲು ಬಂದ್. ಸಿಂಗಾಪುರದಲ್ಲಂತೂ ಖಾಸಗಿ ಮನೆಯನ್ನು ಮೂರು ತಿಂಗಳಿಗಿಂತ ಕಡಿಮೆ ಕೊಡುವಂತೆಯೇ ಇಲ್ಲ. ನ್ಯೂಯಾರ್ಕ್, ಬಾರ್ಸಿಲೋನಾದಲ್ಲಿ ಪೂರ್ತಿ ಬ್ಯಾನ್ ಮಾಡಿಬಿಟ್ಟರು.

ವಕೀಲರಮಗಳು
ಕೊನೆಯ ಎರಡೂ ತಪ್ಪು ಸರ್. ಬಾರ್ಸಿಲೋನಾದಲ್ಲಿ ಇನ್ನೂ ನಡೆಯುತ್ತಿವೆ. ಅಲ್ಲಿನ ಮೇಯರ್ ಜಾಉಮೆ ಕೊಲ್ಬೋನಿ 2024ರ ಜೂನ್‌ನಲ್ಲಿ ಹೇಳಿದ್ದು, ಇರುವ 10,101 ಪ್ರವಾಸಿ ಫ್ಲ್ಯಾಟ್ ಲೈಸೆನ್ಸುಗಳನ್ನು 2028ರ ನವೆಂಬರ್ ಆದ ಮೇಲೆ ನವೀಕರಿಸುವುದಿಲ್ಲ ಅಂತ.

ನ್ಯೂಯಾರ್ಕಿನಲ್ಲಿಯೂ ಬ್ಯಾನ್ ಅಲ್ಲ. ಸ್ಥಳೀಯ ಕಾನೂನು 18 ಅಂತ ಇದೆ. 2023ರ ಸೆಪ್ಟೆಂಬರ್‌ನಿಂದ ಜಾರಿ ಮಾಡಲು ಶುರು ಮಾಡಿದರು. 30 ದಿನಕ್ಕಿಂತ ಕಡಿಮೆ ಇರುವವರನ್ನು ಇಟ್ಟುಕೊಳ್ಳಬೇಕಾದರೆ ನೋಂದಣಿ ಆಗಬೇಕು, ಮನೆಯವರು ಅದೇ ಮನೆಯಲ್ಲಿ ಜೊತೆಗೇ ಇರಬೇಕು, ಅತಿಥಿಗಳು ಇಬ್ಬರಿಗಿಂತ ಜಾಸ್ತಿ ಇರಬಾರದು, ಒಳಗಿನ ಬಾಗಿಲುಗಳಿಗೆ ಬೀಗ ಹಾಕಿ ಅವರನ್ನು ಬೇರೆ ಮಾಡುವಂತಿಲ್ಲ.

ಊರೂರುಸುತ್ತಿ
ಇಷ್ಟೆಲ್ಲ ಹಾಕಿದ ಮೇಲೆ ಅದು ಬ್ಯಾನ್ ಅಲ್ಲದೆ ಮತ್ತೇನು ತಾಯಿ? ಬಾರ್ಸಿಲೋನಾ ವಿಷಯ ಒಪ್ಪಿದೆ.

ಸುಮ್ನೆಓದುವವ
ಬೀಗ ಹಾಕುವಂತಿಲ್ಲ ಅಂದರೆ ನಮ್ಮ ಬೆಡ್‌ರೂಮಿಗೂ ಅತಿಥಿ ಬರಬಹುದಾ? ನಮ್ಮ ಅತ್ತೆಗೇ ಅಷ್ಟು ಅನುಮತಿ ಇಲ್ಲ.

ವಕೀಲರಮಗಳು
😄 ಅವರು ಬಂದು ಮಲಗಲಿ ಅಂತಲ್ಲ. ಬೆಂಕಿ ಬಿದ್ದರೆ ಹೊರಗೆ ಹೋಗಲು ಯಾವ ದಾರಿಯೂ ಮುಚ್ಚಿರಬಾರದು, ಎಲ್ಲರೂ ಒಂದೇ ಮನೆಯವರ ಹಾಗೆ ಇರಬೇಕು, ಅದು ಉದ್ದೇಶ.

ತಮಾಷೆ ಇರಲಿ, ಇದೇ ವಿಷಯ ಮಹಡಿಮನೆ ಅವರಿಗೂ ತಾಗುತ್ತದೆ. "ನಾವು ಅಲ್ಲೇ ಇದ್ದೇವೆ" ಅನ್ನುವುದು ಬಹಳ ಊರುಗಳಲ್ಲಿ ದೊಡ್ಡ ಅನುಕೂಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವರ್ಷಕ್ಕೆ ಕನಿಷ್ಠ 275 ರಾತ್ರಿ ನೀವೇ ಆ ಮನೆಯಲ್ಲಿ ಇರಬೇಕು. ನೀವು ಇಲ್ಲದಾಗ ಕೊಡುವುದಕ್ಕೆ 90 ರಾತ್ರಿ ಮಿತಿ, ಇದ್ದಾಗ ಆ ಮಿತಿ ಇಲ್ಲ. ಆದರೆ ಪ್ರಶ್ನೆ ಏನೆಂದರೆ, ಮೇಲೆ ಬೇರೆ ಅಡುಗೆಮನೆ, ಬೇರೆ ಬಚ್ಚಲು ಇದ್ದರೆ ಅದು ನಿಮ್ಮ ಮನೆಯ ಭಾಗವಾ, ಇನ್ನೊಂದು ಮನೆಯಾ? ಮೇಡಂ, ಮೇಲಕ್ಕೆ ಹೋಗುವ ಮೆಟ್ಟಿಲು ಒಳಗಿದೆಯಾ ಹೊರಗಿದೆಯಾ?

ಮಹಡಿಮನೆ
ಹೊರಗಿದೆ. ಅದೇ ಅನುಕೂಲ ಅಂದುಕೊಂಡಿದ್ದೆವು, ನಮಗೆ ತೊಂದರೆ ಇಲ್ಲದೆ ಬಂದು ಹೋಗುತ್ತಾರೆ ಅಂತ.

ವಕೀಲರಮಗಳು
ಹಾಗಾದರೆ ಮಂಜೂರಾದ ನಕ್ಷೆ ತೆಗೆದು ನೋಡಿ. ಅದರಲ್ಲಿ ಮೇಲ್ಮಹಡಿಗೆ ಏನು ಹೆಸರು ಬರೆದಿದೆ ಅನ್ನುವುದು ಮುಖ್ಯ.

ಹಳೇಕಿಟಕಿ
ನಕ್ಷೆ ಅಂದಾಗ ನನ್ನ ತಪಾಸಣೆಯ ಕತೆ ಹೇಳಲೇಬೇಕು.

ನಮ್ಮದು ಹಳೆಯ ಮನೆ, ಹಿಂದುಗಡೆ ಒಂದು ಕೋಣೆ. ಬಣ್ಣ ಹೊಡೆಸಿ, ಪರದೆ ಹಾಕಿ, ಟೇಬಲ್ ಮೇಲೆ ಹೂದಾನಿ ಇಟ್ಟು ಇನ್‌ಸ್ಪೆಕ್ಟರ್‌ಗಾಗಿ ಕಾಯುತ್ತಿದ್ದೆ. ಆಕೆ ಬಂದರು, ಹೂದಾನಿ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಕಿಟಕಿ ಹತ್ತಿರ ಹೋಗಿ ಪೂರ್ತಿ ತೆಗೆಯಿರಿ ಅಂದರು. ತೆಗೆದೆ. ಅರ್ಧಕ್ಕೆ ನಿಂತಿತು. ಬಣ್ಣ ಹೊಡೆಯುವಾಗ ಚೌಕಟ್ಟಿಗೇ ಅಂಟಿಕೊಂಡಿತ್ತು. ಟೇಪ್ ಹಿಡಿದು ಅಳೆದರು, ಬರೆದುಕೊಂಡರು. "ರಾತ್ರಿ ಹೊಗೆ ತುಂಬಿದರೆ ಬಾಗಿಲ ಕಡೆ ಹೋಗಲಾಗದವರು ಇಲ್ಲಿಂದಲೇ ಇಳಿಯಬೇಕು. ನೀವು ಈಗ ಇಳಿದು ತೋರಿಸಿ" ಅಂದರು. ನನ್ನ ಹೊಟ್ಟೆ ನೋಡಿಯೇ ಕೇಳಿದರೋ ಏನೋ. ಭುಜದವರೆಗೆ ಹೋದೆ, ಆಮೇಲೆ ವಾಪಸ್ ಬರುವುದೇ ಕಷ್ಟ ಆಯಿತು.

ಆಮೇಲೆ ಸ್ಟೂಲ್ ತರಿಸಿ ಹತ್ತಿ ಹೊಗೆ ಅಲಾರಾಂ ಬಟನ್ ಒತ್ತಿದರು. ಕೂಗಿತು, ಸದ್ಯ. ತಿರುಗಿಸಿ ಹಿಂಭಾಗದಲ್ಲಿ ತಯಾರಾದ ವರ್ಷ ನೋಡಿದರು. ಹತ್ತು ವರ್ಷ ದಾಟಿದೆ, ಕೂಗಿದರೂ ಲೆಕ್ಕಕ್ಕಿಲ್ಲ, ಬದಲಾಯಿಸಿ ಅಂದರು. ಗ್ಯಾಸ್ ಬಾಯ್ಲರ್ ಇರುವುದರಿಂದ ಕಾರ್ಬನ್ ಮಾನಾಕ್ಸೈಡ್ ಅಲಾರಾಂ ಬೇರೆ ಬೇಕು ಅಂದರು. ಅದು ಇರಲೇ ಇಲ್ಲ. ಆ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ ಅಂತ ನಿಂತುಕೊಂಡೇ ಹೇಳಿದರು.

ಮೊದಲ ಸಲ ಫೇಲ್. ಆಗ ಬಹಳ ಸಿಟ್ಟು ಬಂದಿತ್ತು. ನಾವು ಆ ಕೋಣೆಯಲ್ಲಿ ಹನ್ನೊಂದು ವರ್ಷ ನಮ್ಮ ಮಕ್ಕಳನ್ನು ಮಲಗಿಸಿದ್ದೆವು ಅಂತ ನೆನಪಾದ ಮೇಲೆ ಸಿಟ್ಟು ಇಳಿಯಿತು.

ಬೀಗದಕೈ
ಇದು ಓದಿ ಎದ್ದುಹೋಗಿ ನಮ್ಮ ಅಲಾರಾಂ ಹಿಂಭಾಗ ನೋಡಿಕೊಂಡು ಬಂದೆ. 2012.

ಲೆಕ್ಕದಪುಸ್ತಕ
ತೆರಿಗೆ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ಎರಡು ಥರದ್ದು ಇರುತ್ತದೆ, ಜನ ಕಲಸಿಬಿಡುತ್ತಾರೆ. ನಿಮ್ಮ ಆದಾಯದ ಮೇಲಿನದು ಒಂದು. ಅತಿಥಿ ತಂಗಿದ್ದಕ್ಕೆ ರಾತ್ರಿ ಲೆಕ್ಕದಲ್ಲೋ ಶೇಕಡಾ ಲೆಕ್ಕದಲ್ಲೋ ವಸೂಲಿ ಮಾಡಿ ಆಡಳಿತಕ್ಕೆ ಕಟ್ಟುವ ತಂಗುದಾಣ ತೆರಿಗೆ ಇನ್ನೊಂದು. ಎರಡನೆಯದು ನಿಮ್ಮ ದುಡ್ಡೇ ಅಲ್ಲ, ನಿಮ್ಮ ಕೈಯಲ್ಲಿ ಸ್ವಲ್ಪ ದಿನ ಇರುವ ದುಡ್ಡು. ಕೆಲವು ಕಡೆ ಆ್ಯಪ್ ಕಂಪನಿಯೇ ಹಿಡಿದು ಕಟ್ಟುತ್ತದೆ, ಕೆಲವು ಕಡೆ ಇಲ್ಲ. ಒಂದೇ ಊರಿನಲ್ಲಿ ಒಂದು ಭಾಗ ಅವರು ಕಟ್ಟಿ, ಇನ್ನೊಂದು ನೀವೇ ಕಟ್ಟಬೇಕಾದದ್ದೂ ಇರುತ್ತದೆ. ಕಂಪನಿ ಕಟ್ಟಿದರೂ ಕೆಲವು ಕಡೆ ನೀವು ಸೊನ್ನೆ ಅಂತ ಬರೆದು ಫಾರ್ಮ್ ಸಲ್ಲಿಸಲೇಬೇಕು. ಸೊನ್ನೆ ತೆರಿಗೆಗೆ ತಡದಂಡ ಕಟ್ಟಿದ ಕಕ್ಷಿದಾರರು ನನ್ನಲ್ಲಿ ಇಬ್ಬರಿದ್ದಾರೆ.

ಮುಚ್ಚಿಡುತ್ತೇನೆ ಅನ್ನುವವರಿಗೆ: ಯುರೋಪಿಯನ್ ಒಕ್ಕೂಟದಲ್ಲಿ 2024/1028 ಅಂತ ಒಂದು ನಿಯಮವೇ ಬಂದಿದೆ. ನೋಂದಣಿ ಇರುವ ಕಡೆ ಆ್ಯಪ್ ಕಂಪನಿಗಳು ಯಾವ ಮನೆ, ಎಷ್ಟು ರಾತ್ರಿ, ಎಷ್ಟು ಜನ ಅಂತ ಸರ್ಕಾರಕ್ಕೆ ಮಾಹಿತಿ ಕೊಡಬೇಕು. ಬಾಗಿಲು ತಟ್ಟಿ ಹಿಡಿಯುವ ಕಾಲ ಹೋಯಿತು, ಈಗ ಎಕ್ಸೆಲ್ ಹಿಡಿಯುತ್ತದೆ.

ರಾತ್ರಿಪಾಳಿ
ಎಲ್ಲ ಸೇರಿ ಮೇಡಂ ಅವರನ್ನು ಹೆದರಿಸುತ್ತಿದ್ದೀರಿ. ನಾಲ್ಕು ಕಾಸು ಸಂಪಾದಿಸಲು ಹೊರಟವರಿಗೆ ಹತ್ತು ಕಾಗದ. ಇದು ದೊಡ್ಡ ಹೋಟೆಲಿನವರ ಲಾಬಿ, ಅಷ್ಟೇ.

ಪಕ್ಕದಮನೆಯವ
ಸ್ವಾಮಿ, ಹೋಟೆಲ್ ಲಾಬಿ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಾನು ಯಾವ ಲಾಬಿಯವನೂ ಅಲ್ಲ. ನಮ್ಮ ಕಟ್ಟಡದಲ್ಲಿ ಎಂಟು ಮನೆ. ಐದು ವರ್ಷದ ಹಿಂದೆ ಎಂಟರಲ್ಲೂ ಜನ ಇದ್ದರು. ಈಗ ಐದು ಮನೆ ದಿನದ ಬಾಡಿಗೆ. ಮಾಲೀಕರು ಯಾರೂ ಇಲ್ಲಿಲ್ಲ. ರಾತ್ರಿ ಒಂದೂವರೆಗೆ ಕಲ್ಲಿನ ಮೆಟ್ಟಿಲ ಮೇಲೆ ಸೂಟ್‌ಕೇಸ್ ಚಕ್ರದ ಸದ್ದು ಕೇಳಿದ್ದೀರಾ? ಟಕ್, ಟಕ್, ಟಕ್. ಮೂರನೇ ಮಹಡಿವರೆಗೆ ಎಣಿಸುತ್ತೇನೆ, 44 ಸಲ. ಆಮೇಲೆ ಕೀ ಬಾಕ್ಸ್ (ಕೋಡ್ ಹಾಕಿ ತೆಗೆಯುವ ಕೀ ಪೆಟ್ಟಿಗೆ) ಕೋಡ್ ಹತ್ತದೆ ನಮ್ಮ ಬೆಲ್ ಒತ್ತುತ್ತಾರೆ. ಅವರ ತಪ್ಪಲ್ಲ, ಪಾಪ, ಸುಸ್ತಾಗಿ ಬಂದಿರುತ್ತಾರೆ. ನಾನು ಎದ್ದು ಫೋನ್ ಟಾರ್ಚ್ ಹಿಡಿದು ಕೋಡ್ ಹಾಕಿಕೊಟ್ಟಿದ್ದೇನೆ, ಎಷ್ಟೋ ಸಲ. ಸಂಬಳ ಇಲ್ಲದ ವಾಚ್‌ಮನ್.

ಮೊನ್ನೆ ಲೈಟ್ ಹೋದಾಗ ಯಾರ ಮನೆಗೆ ಹೋಗಿ ಕೇಳುವುದು ಅಂತ ನಿಂತೆ. ಕೇಳಲು ಉಳಿದದ್ದು ಎರಡೇ ಬಾಗಿಲು.

ಊರೂರುಸುತ್ತಿ
ಕೀ ಬಾಕ್ಸ್ ಅಂದ ಮೇಲೆ ನೆನಪಾಯಿತು, ಫ್ಲಾರೆನ್ಸ್‌ನ ಹಳೇ ಪಟ್ಟಣದಲ್ಲಿ ಗೋಡೆಗೆ ಕೀ ಬಾಕ್ಸ್ ಹಾಕುವುದನ್ನೇ ನಿಷೇಧಿಸಿದ್ದಾರೆ. ಇಟಲಿಯಲ್ಲಿ ಈಗ ಪ್ರತಿ ಮನೆಗೂ ಒಂದು ರಾಷ್ಟ್ರೀಯ ಗುರುತು ಸಂಖ್ಯೆ ಇದೆ. ಅದನ್ನು ಜಾಹೀರಾತಿನಲ್ಲಿಯೂ ಹಾಕಬೇಕು, ಕಟ್ಟಡದ ಹೊರಗೂ ಬರೆದು ಹಾಕಬೇಕು. ಬಂದವರ ಹೆಸರನ್ನು 24 ಗಂಟೆಯೊಳಗೆ ಪೊಲೀಸರಿಗೆ ಆನ್‌ಲೈನ್‌ನಲ್ಲಿ ಕಳಿಸಬೇಕು.

ಬೀಗದಕೈ
ಅತಿಥಿಗಳ ಹೆಸರು ಬರೆದಿಡುವುದು ಎಷ್ಟೋ ದೇಶಗಳಲ್ಲಿ ಇದೆ. ಅದಕ್ಕೇ ನಾನು ಗುರುತಿನ ಚೀಟಿ ನೋಡದೆ ಕೀ ಕೊಡುವುದಿಲ್ಲ.

ಸುಮ್ನೆಓದುವವ
ದಿನದ ಬಾಡಿಗೆಯ ಈ ಏರ್‌ಬಿಎನ್‌ಬಿ ಆ್ಯಪ್ ಶುರುವಾಗಿದ್ದೇ ಇಬ್ಬರು ಹುಡುಗರು ಬಾಡಿಗೆ ಕಟ್ಟಲಾಗದೆ ಗಾಳಿ ಹಾಸಿಗೆ ಹಾಸಿ ಮೂವರನ್ನು ಮಲಗಿಸಿದ್ದರಿಂದ ಅಲ್ವಾ? 2007, ಸ್ಯಾನ್ ಫ್ರಾನ್ಸಿಸ್ಕೋ. ಅವತ್ತು ಹಳೇಕಿಟಕಿ ಅವರ ಇನ್‌ಸ್ಪೆಕ್ಟರ್ ಬಂದಿದ್ದರೆ ಕಂಪನಿಯೇ ಇರುತ್ತಿರಲಿಲ್ಲ.

ಹಳೇಕಿಟಕಿ
ಆಕೆ ಹಾಸಿಗೆಯ ಗಾಳಿ ಒತ್ತಡವನ್ನೂ ಅಳೆಯುತ್ತಿದ್ದರು.

ಚಿಗುರೆಲೆ
ವಿಷಯಕ್ಕೆ ಸಂಬಂಧ ಇಲ್ಲ, ಆದರೂ ಕೇಳುತ್ತೇನೆ. ಅತಿಥಿಗಳು ಗಲಾಟೆ ಮಾಡುತ್ತಾರಾ ಅಂತ ನೋಡಲು ಹಾಲ್‌ನಲ್ಲಿ ಕ್ಯಾಮೆರಾ ಇಡಬಹುದಾ?

ಬೀಗದಕೈ
ಬೇಡ, ಬೇಡ, ಬೇಡ. ಏರ್‌ಬಿಎನ್‌ಬಿ 2024ರ ಏಪ್ರಿಲ್ ಕೊನೆಯಿಂದ ಮನೆಯೊಳಗಿನ ಕ್ಯಾಮೆರಾ ಪೂರ್ತಿ ನಿಷೇಧಿಸಿದೆ, ತಿಳಿಸಿ ಇಟ್ಟರೂ ಆಗುವುದಿಲ್ಲ. ಸದ್ದಿನ ಮಟ್ಟ ಮಾತ್ರ ಅಳೆಯುವ ಸಾಧನ ಬರುತ್ತದೆ, ಮಾತು ರೆಕಾರ್ಡ್ ಆಗುವುದಿಲ್ಲ. ಅದನ್ನು ಹಾಲ್‌ನಲ್ಲಿ, ಮೊದಲೇ ತಿಳಿಸಿ, ಇಡಬಹುದು.

ಲೆಕ್ಕದಪುಸ್ತಕ
ರಾತ್ರಿಪಾಳಿ ಸರ್, ಒಂದು ಪ್ರಶ್ನೆ. ಅಷ್ಟು ಚೆನ್ನಾಗಿ ನಡೆಯುತ್ತಿತ್ತು ಅಂದಮೇಲೆ ಮೂರು ವರ್ಷಕ್ಕೆ ನಿಲ್ಲಿಸಿದ್ದು ಯಾಕೆ?

ರಾತ್ರಿಪಾಳಿ
ಅದು ಬೇರೆ ವಿಷಯ.

ಪಕ್ಕದಮನೆಯವ
ಹೇಳಿ ಸ್ವಾಮಿ, ಇಷ್ಟು ಜನ ಕೂತಿದ್ದೇವೆ.

ರಾತ್ರಿಪಾಳಿ
ಸರಿ. ಒಂದು ಕುಟುಂಬ ಬಂದಿತ್ತು. ಒಳ್ಳೆಯವರೇ. ಹೋಗುವ ದಿನ ವಾಷಿಂಗ್ ಮಷಿನ್ ಹಾಕಿ ಹೊರಟಿದ್ದಾರೆ, ಪೈಪ್ ಕಳಚಿದೆ. ನನ್ನದು ರಾತ್ರಿ ಡ್ಯೂಟಿ, ನೋಡಿದ್ದು ಮಾರನೇ ದಿನ ಮಧ್ಯಾಹ್ನ. ಮರದ ನೆಲ ಪೂರ್ತಿ ಉಬ್ಬಿ ಎದ್ದಿತ್ತು, ಕೆಳಗಿನ ಮನೆಯ ಛಾವಣಿ ಒಂದು ಕಡೆ ಇಳಿದಿತ್ತು. ವಿಮೆ ಇತ್ತು, ಹದಿನಾಲ್ಕು ವರ್ಷದಿಂದ ಕಟ್ಟುತ್ತಿದ್ದೆ. ಬಂದ ಮನುಷ್ಯ ಫೋಟೋ ತೆಗೆದ, ಯಾರಿದ್ದರು ಅಂತ ಕೇಳಿದ, ನಾನು ಹೇಳಿದೆ. ವಾಸದ ಮನೆಯ ಪಾಲಿಸಿ, ವ್ಯಾಪಾರಕ್ಕೆ ಬಳಸಿದ್ದೀರಿ, ಕೊಡಲಾಗುವುದಿಲ್ಲ ಅಂತ ಪತ್ರ ಬಂತು. ಆ್ಯಪ್‌ನವರ ರಕ್ಷಣೆ ಯೋಜನೆಯಿಂದ ಸ್ವಲ್ಪ ಬಂತು. ಕೆಳಮನೆಯವರಿಗೆ ಕೈಯಿಂದ ಕೊಟ್ಟೆ.

ಪರವಾನಗಿ ಮಾಡಿಸಿದ್ದರೆ ಅರ್ಜಿಯಲ್ಲೇ ವಿಮೆ ಪತ್ರ ಕೇಳುತ್ತಿದ್ದರಂತೆ. ಆಮೇಲೆ ಗೊತ್ತಾಯಿತು. ಈಗ ಸಮಾಧಾನ ಆಯಿತಾ?

ಪಕ್ಕದಮನೆಯವ
ಇಲ್ಲ ಸ್ವಾಮಿ, ಬೇಜಾರಾಯಿತು. ಸುಮ್ನೆ ಕೆಣಕಿದೆ, ಕ್ಷಮಿಸಿ.

ಹಳೇಕಿಟಕಿ
ಇದನ್ನು ಮೊದಲೇ ಬರೆಯಬೇಕಿತ್ತು ಮಾರಾಯ್ರೇ. "ಯಾರೂ ಕೇಳಲಿಲ್ಲ" ಅಂದಿರಲ್ಲ, ಕೇಳಿದ್ದು ವಿಮೆಯವ.

ಚಿಗುರೆಲೆ
ಪರವಾನಗಿ ಇರುವ ಮನೆ ಕೊಂಡರೆ ಪರವಾನಗಿ ನಮಗೆ ಬರುತ್ತದಾ? ಒಬ್ಬ ಏಜೆಂಟ್ ಅದನ್ನೇ ಹೇಳಿ ಬೆಲೆ ಏರಿಸುತ್ತಿದ್ದಾನೆ.

ವಕೀಲರಮಗಳು
ಬಹಳ ಕಡೆ ಬರುವುದಿಲ್ಲ. ಪರವಾನಗಿ ಮಾಲೀಕನ ಹೆಸರಿಗೆ, ಆ ವಿಳಾಸಕ್ಕೆ. ಮಾರಿದರೆ ಸತ್ತುಹೋಗುತ್ತದೆ. ಒಟ್ಟು ಇಷ್ಟೇ ಪರವಾನಗಿ ಅಂತ ಮಿತಿ ಇರುವ ಕಡೆಯಾದರೆ ನೀವು ಕಾಯುವ ಪಟ್ಟಿಯ ಕೊನೆಗೆ. ಏಜೆಂಟ್ ಮಾತನ್ನು ಬರೆದು ಕೊಡಲು ಹೇಳಿ, ಬೆಲೆ ತಾನೇ ಇಳಿಯುತ್ತದೆ.

ಮಹಡಿಮನೆ
ಅಪ್ಡೇಟ್. ಮೂರು ದಿನ ಹುಡುಕಿ ನಕ್ಷೆ ಸಿಕ್ಕಿತು, ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ, ಮಗನ ಹಳೇ ಕ್ರಿಕೆಟ್ ಪ್ಯಾಡ್ ಅಡಿಯಲ್ಲಿ. ಅಕ್ಕ ಹೇಳಿದ ಹಾಗೇ ಆಯಿತು. ನಕ್ಷೆಯಲ್ಲಿ ಮೇಲೆ ಎರಡು ಮಲಗುವ ಕೋಣೆ, ಬಚ್ಚಲು, ಮತ್ತೊಂದು ಚೌಕದಲ್ಲಿ "ಸಾಮಾನು ಕೋಣೆ". ಅದೇ ಈಗಿನ ಅಡುಗೆಮನೆ. ನಮಗಿಂತ ಮುಂಚೆ ಇದ್ದವರು ಮಾಡಿಸಿದ್ದು, ಒಂದು ಅರ್ಜಿಯೂ ಇಲ್ಲದೆ. ನಾವು ಇಷ್ಟು ವರ್ಷ ಅಲ್ಲಿ ಹಬ್ಬದ ಅಡುಗೆ ಮಾಡಿದ್ದೇವೆ.

ಇಮೇಲ್ ಮಾಡಿದ್ದೆ, ಉತ್ತರವೂ ಬಂದಿದೆ. ನಮ್ಮ ರಸ್ತೆಯಲ್ಲಿ ಅವಕಾಶ ಇದೆ, ಮಾಲೀಕರು ವಾಸ ಇರಬೇಕು, ನಾಲ್ಕು ಜನ ಮೀರಬಾರದು. "ಮಂಜೂರಾದ ನಕ್ಷೆಯ ಪ್ರತಿ ಲಗತ್ತಿಸಿ" ಅಂತ ಕೊನೆಯ ಸಾಲು.

ವಕೀಲರಮಗಳು
ಎರಡು ದಾರಿ. ಅಡುಗೆಮನೆಯನ್ನು ಸಕ್ರಮ ಮಾಡಿಸಲು ಅರ್ಜಿ ಹಾಕುವುದು, ಆಗ ಅದು ಎರಡನೇ ಮನೆ ಅಂತ ಆಗಿ "ಮಾಲೀಕರ ವಾಸ" ಅನ್ನುವ ಅನುಕೂಲ ಕೈತಪ್ಪಬಹುದು. ಇಲ್ಲವೇ ಒಲೆ ತೆಗೆದು, ಗ್ಯಾಸ್ ಲೈನ್ ಮುಚ್ಚಿಸಿ, ಬರೀ ಕೋಣೆಗಳನ್ನು ಕೊಡುವುದು. ಯಾವುದು ಅಂತ ನಿರ್ಧರಿಸುವ ಮುಂಚೆ ಅವರನ್ನೇ ಬರಹದಲ್ಲಿ ಕೇಳಿ. ನಕ್ಷೆಯಲ್ಲಿ ಇಲ್ಲದ್ದನ್ನು ಇಟ್ಟುಕೊಂಡು ತಪಾಸಣೆಗೆ ಮಾತ್ರ ಕರೆಯಬೇಡಿ.

ಸುಮ್ನೆಓದುವವ
ಯಜಮಾನರು ತೆಗೆದ ಫೋಟೋ ಎಷ್ಟಿವೆ?

ಮಹಡಿಮನೆ
ಹದಿನೇಳು. ಒಂಬತ್ತು ಅಡುಗೆಮನೆಯವು.